ಜಪಾನಿನ ಹುಡುಗಿಯ ಮೇಲೆ ಹೊರಿಸಿದ ತಪ್ಪು

ಗೆಳೆಯರೇ, ಇವತ್ತು ಕಳಸದ ಶಾಲೆಯ ಸ್ಟಾಫ್ ರೂಮಿಗೆ ನನ್ನನ್ನು ಕರೆಸಿದ್ದರು. ಮೂರನೇ ಕ್ಲಾಸಿನ ನನ್ನ ಮಗಳು ಪಾಠದ ಮಧ್ಯೆ ಎದ್ದು ನಿಂತು, "ಮಿಸ್, ನಿಮ್ಗೆ ಮೂವತ್ತಾಯ್ತಲ್ಲ, ಇನ್ನೂ ಯಾವ ರಾಜಕುಮಾರಂಗೆ ಕಾಯ್ತಿದೀರಿ?" ಎಂದು ಕೇಳಿದ್ದಳಂತೆ. ಇಡೀ ಕ್ಲಾಸು ಹೊಟ್ಟೆ ಹಿಡಿದುಕೊಂಡು ನಕ್ಕಿತಂತೆ.

ಹೇಳುವಾಗ ಟೀಚರ್ ಮುಖ ಕೆಂಪಾಗಿತ್ತು. ನನಗೋ ನಾಚಿಕೆ.

"ಎಲ್ಲ ಆ ಜಪಾನ್ ಕಾರ್ಟೂನಿಂದ ಮಿಸ್" ಎಂದೆ. "ಅದ್ರಲ್ಲಿ ಇವಳಷ್ಟೇ ದೊಡ್ಡ ಹುಡುಗಿ ಒಬ್ಳು ಮೇಷ್ಟ್ರ ಮೇಜು ಹತ್ತಿ ಕುಣೀತಾಳೆ, ಹೆಡ್‌ಮಾಸ್ಟರ ಮೀಸೆ ಎಳೀತಾಳೆ. ದಿನಾ ಅದ್ನೇ ನೋಡಿ ಇವಳೂ ಹಿಂಗಾದ್ಲು."

ಟೀಚರ್ ಹೌದೆಂಬಂತೆ ತಲೆಯಾಡಿಸಿದರು. ಬಚಾವಾದೆ ಎಂದುಕೊಂಡೆ.

ಪಕ್ಕದಲ್ಲಿ ನಿಂತಿದ್ದ ಮಗಳಿಗೆ ಮಾತ್ರ ಈ ಅನ್ಯಾಯ ಸಹಿಸಲಾಗಲಿಲ್ಲ. "ಅಲ್ಲಮ್ಮ, ಆ ಹುಡುಗಿ ಹಿಂದೀಲಿ ಮಾತಾಡೋದು. ಇದು ಮೊನ್ನೆ ಸಂಸೆಗೆ ಹೋಗೋ ಜೀಪಲ್ಲಿ ನೀನು ಅತ್ತೆ ಹತ್ರ ಹೇಳಿದ್ದು!"

ಅಷ್ಟು ಹೊತ್ತು ನೋಟ್‌ಬುಕ್ ತಿದ್ದುತ್ತಿದ್ದ ಉಳಿದ ಟೀಚರುಗಳೆಲ್ಲ ತಲೆ ಎತ್ತಿದರು. ನಾನು ತಗ್ಗಿಸಿದೆ.

"ಮೂವತ್ತಲ್ಲ ಅಕ್ಕ, ಇಪ್ಪತ್ತೆಂಟು" ಎಂದರು ಟೀಚರ್, ಬಹಳ ಮೆತ್ತಗೆ.

ಅವರ ಹತ್ತಿರ ಅಲ್ಲೇ ಕ್ಷಮೆ ಕೇಳಿದೆ. ಜಪಾನಿನವರ ಹತ್ತಿರ ಕೇಳುವುದು ಇನ್ನೂ ಬಾಕಿ ಇದೆ.