ಬೀಗ ಹಾಕಿದ ಕೋಣೆಯ ಪಾಠ

ಮಕ್ಕಳೇ, ಇಲ್ಲದ ದನಿ ಕೇಳಿಸಿತು ಎಂದು ಯಾರಾದರೂ ಹೇಳಿದರೆ ನಾನು ಒಳಗೊಳಗೇ ನಗುತ್ತಿದ್ದವಳು. ಏಳನೇ ತರಗತಿ ಓದಿದ ನನಗೆ ಬರೆಯಲು ನಾಚಿಕೆ. ಆದರೆ ನಿಮ್ಮಲ್ಲಿ ಇಬ್ಬರು ಈಗ ಕಾಲೇಜು ಕೆಲಸಕ್ಕೆ ಅರ್ಜಿ ಹಾಕುತ್ತಿದ್ದೀರಿ, ಬರೆಯದೆ ಇರಲಾರೆ.

ಕೆಲವು ವರ್ಷಗಳ ಹಿಂದೆ ನನ್ನ ಮಗಳಿಗೆ, ನಿಮ್ಮ ಸವಿತತ್ತೆಗೆ, ಒಂದು ಕಾಲೇಜಿನಲ್ಲಿ ಚರಿತ್ರೆ ಕಲಿಸುವ ಕೆಲಸ ಸಿಕ್ಕಿತು. ಹೆಸರು ಬೇಡ. ಸೇರುವ ದಿನ ಮೂಲ ಸರ್ಟಿಫಿಕೇಟುಗಳನ್ನು ಆಫೀಸಿಗೆ ಒಪ್ಪಿಸಬೇಕು ಎಂದಿದ್ದರು. ಹಲವರು ಹಾಗೆ ಕೊಡುತ್ತಾರೆ, ಯಾಕೆಂದು ಕೇಳುವುದಿಲ್ಲ. ನಾನೂ ಫೈಲನ್ನು ದೇವರ ಮುಂದಿಟ್ಟು ಅವಳ ಕೈಗೆ ಕೊಟ್ಟಿದ್ದೆ.

ಸವಿತ ಪ್ರಿನ್ಸಿಪಾಲರ ಕೋಣೆಗೆ ಹೋದಳು. ಜೊತೆಗೆ ಬಂದಿದ್ದ ನಾನು ಹೊರಗೆ ಬೆಂಚಿನಲ್ಲಿ ಕುಳಿತೆ. ಬೆನ್ನ ಹಿಂದಿನ ತರಗತಿಯಲ್ಲಿ ಒಬ್ಬ ಟೀಚರು ಪಾಠ ಮಾಡುತ್ತಿದ್ದರು. ನಮ್ಮ ಊರುಗಳಲ್ಲಿ ಯಾರಿಗೆ ಬಾವಿಯ ನೀರು ಸೇದಲು ಬಿಡುತ್ತಿರಲಿಲ್ಲ, ಯಾಕೆ ಎಂದು. ಅಷ್ಟು ಚಂದದ ಪಾಠ ನಾನು ಕೇಳಿರಲಿಲ್ಲ. "ಇದು ನಿಮ್ಮ ಪುಸ್ತಕದಲ್ಲಿಲ್ಲ. ಆದರೂ ಬರೆದುಕೊಳ್ಳಿ," ಎಂದರು. ಅಲ್ಲಿಗೆ ದನಿ ತುಂಡಾಯಿತು. ಮಕ್ಕಳ ಸದ್ದೂ ಇಲ್ಲ. ಎದ್ದು ನೋಡಿದರೆ ಬಾಗಿಲಿಗೆ ತುಕ್ಕು ಹಿಡಿದ ಬೀಗ.

ಗುಡಿಸುತ್ತಿದ್ದ ಹೆಂಗಸು ನಕ್ಕಳು. "ಹ್ವಾಯ್, ಬಾಗ್ಲ್ ಹತ್ರ ಎಂತ ಪಾಠ ಕೇಂತ್ರಿ?"

"ಟೀಚರ್ ಬಾವಿ ನೀರಿನ್ ವಿಷ್ಯ ಮಾತಾಡ್ತಿದ್ರಲೆ," ಎಂದೆ.

ಅವಳ ನಗು ಹೋಯಿತು. "ಆ ಟೀಚರ್‌ನ ಬಿಡ್ಸಿ ಎರಡ್ ವರ್ಷ ಆಯ್ತ್, ಅಮ್ಮ. ಪುಸ್ತಕದೊಳ್ಗೆ ಇಲ್ದಿದ್ದ್ ಹೇಳಿರ್ ಅಂಬ್ರ್. ಬೇರೆ ಕೆಲ್ಸಕ್ಕೆ ಹೋಪುಕ್ ಸರ್ಟಿಫಿಕೇಟೂ ಕೊಡ್ಲಿಲ್ಲೆ. ಈಗ್ಳೂ ಆಫೀಸ್ ಕಪಾಟೊಳ್ಗೇ ಇತ್ತ್. ನಾ ಹೇಳ್ದೆ ಅನ್ಬೇಡಿ."

ಆಫೀಸುಗಳ ಹೊಸ್ತಿಲಲ್ಲೇ ನಿಲ್ಲುವ ನಾನು ಅಂದು ಕೇಳದೆ ಒಳಗೆ ನುಗ್ಗಿದೆ. ಆಡಳಿತ ಮಂಡಳಿ ಒಪ್ಪಿದ ಟಿಪ್ಪಣಿ ಬಿಟ್ಟು ಬೇರೇನೂ ಕಲಿಸುವುದಿಲ್ಲ ಎಂಬ ಕಾಗದಕ್ಕೆ ಸಹಿ ಹಾಕಲು ಸವಿತ ಪೆನ್ನು ತೆಗೆದಿದ್ದಳು. ಫೈಲು ಮೇಜಿನ ಮೇಲಿತ್ತು. ಎತ್ತಿ ಸೆರಗಿನೊಳಗೆ ಹಿಡಿದುಕೊಂಡೆ.

"ಏಳ್ ಹೆಣೆ, ಮನಿಗ್ ಹೋಪ," ಎಂದು ಮಗಳನ್ನು ಎಬ್ಬಿಸಿದೆ.

"ಅಮ್ಮ, ಮರ್ಲಾ ನಿಂಗೆ?"

ಹೆಮ್ಮಾಡಿಯಲ್ಲಿ ಬಸ್ಸು ಇಳಿಯುವವರೆಗೂ ಅತ್ತಳು. ಒಂದು ವರ್ಷ ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ.

ಆ ಟೀಚರು ತೀರಿಕೊಂಡಿರಬೇಕು ಎಂದೇ ನಾನು ತಿಳಿದಿದ್ದೆ. ಇಲ್ಲ. ಬ್ರಹ್ಮಾವರದ ಒಂದು ಬಟ್ಟೆ ಅಂಗಡಿಯಲ್ಲಿ ಸೀರೆ ತೋರಿಸುತ್ತಿದ್ದಾರೆ ಎಂದು ತಿಳಿದು ಹುಡುಕಿಕೊಂಡು ಹೋದೆ. ಮಾತಾಡಿದರು, ಅದೇ ದನಿ. ನಾನು ಕೇಳಿದ ಪಾಠವನ್ನು ಹೇಳಿದಾಗ ಅವರ ಕೈಯ ಸೀರೆ ಅರ್ಧ ಮಡಚಿದಲ್ಲೇ ನಿಂತಿತು.

"ಬರ್ಕಣಿ ಅಂದದ್ದೇ ಕಡೆ ಮಾತ್, ಅಮ್ಮ. ಅಷ್ಟೊತ್ತಿಗೆ ಆಡಳಿತ ಮಂಡಳಿಯವ್ರ್ ಬಾಗ್ಲಲ್ ಬಂದ್ ನಿಂತಿದ್ರ್."

ಸಹಿ ಹಾಕುವ ಮೊದಲು ಓದಿ, ಮಕ್ಕಳೇ. ಮೂಲ ಸರ್ಟಿಫಿಕೇಟು ಯಾರ ಕೈಗೂ ಕೊಡಬೇಡಿ. ಬದುಕಿರುವವರ ದನಿ ಆ ಕೋಣೆಯೊಳಗೆ ಹೇಗೆ ಉಳಿದಿತ್ತು ಎಂದು ಮಾತ್ರ ಕೇಳಬೇಡಿ. ಬರೆದುಕೊಳ್ಳಿ ಎಂದಿದ್ದರು, ಬರೆದಿದ್ದೇನೆ.