ಬೈಂಡರ್ ಮಾವನ ಊದುವ ಚಾಳಿ

ಊರಿನ ಹಳೇ ಪುಸ್ತಕಗಳಿಗೆಲ್ಲ ಬೈಂಡರ್ ಮಾವನೇ ವೈದ್ಯರು. ಹೊಲಿಗೆ ಬಿಟ್ಟ ನಿಘಂಟು, ನೀರು ಕುಡಿದು ಉಬ್ಬಿದ ರಿಜಿಸ್ಟರು, ಎಲ್ಲ ಬರುತ್ತಿದ್ದುದು ಅವರ ಕಿಟಕಿಯಿಲ್ಲದ ಕೋಣೆಗೇ. ಅಂಟಿಕೊಂಡ ಹಾಳೆಯ ಮೂಲೆಯನ್ನು ಉಗುರಿನಿಂದ ಎತ್ತಿ, ಮುಖ ಹತ್ತಿರ ತಂದು 'ಉಫ್' ಎಂದು ಊದುವರು. ಬ್ರಷ್ಷು ಆಡಿಸಿದರೆ ಹಾಳೆ ಹರಿಯುತ್ತದೆಂದು ಕಸುಬು ಕಲಿಸಿದ ಗುರುಗಳು ಹೇಳಿದ್ದರು. ಹಾಳೆಗೆ ಹಿಡಿದ ಬೂಸ್ಟಿನ ಪುಡಿ ಅರ್ಧ ಅವರ ಮೂಗಿಗೇ ಹೋಗುತ್ತಿತ್ತು. ಹೀಗೆ ನಲವತ್ತು ವರ್ಷ ಊದಿದರು.

ಅರವತ್ತೆರಡನೇ ವಯಸ್ಸಿನಲ್ಲಿ ಕೆಮ್ಮಿದರೆ ರಕ್ತ ಬಂತು. ಯೌವನದಲ್ಲಿ ಕ್ಷಯ ಬಂದು ವಾಸಿಯಾಗಿತ್ತು. ಅದೇ ಮರಳಿದೆ ಎಂದು ನೆಂಟರೆಲ್ಲ ತೀರ್ಪು ಕೊಟ್ಟರು. ಮೂರು ಸಲ ಕಫ ಪರೀಕ್ಷಿಸಿದರೂ ಕ್ಷಯ ಸಿಗಲಿಲ್ಲ. ಮೈ ಮಾತ್ರ ಇಳಿಯುತ್ತಲೇ ಹೋಯಿತು. ಇನ್ನು ನನ್ನ ಕಥೆ ಮುಗಿಯಿತು ಎಂದುಕೊಂಡೇ ಆಸ್ಪತ್ರೆ ಸೇರಿದರು.

ಆದರೂ ಅರ್ಧ ಬಿಟ್ಟ ಪುಸ್ತಕವೊಂದನ್ನು ಚೀಲದಲ್ಲಿ ತುರುಕಿಕೊಂಡು ಹೋಗಿದ್ದರು. ಹುಟ್ಟುಗುಣ ಸುಟ್ಟರೂ ಹೋದೀತೇ? ಬೆಳಿಗ್ಗೆ ಡಾಕ್ಟರಮ್ಮ ಬಂದಾಗ ರೋಗಿ ಕಪ್ಪು ಚುಕ್ಕೆಯ ಹಾಳೆಗೆ ಊದಿ, ಕೆಮ್ಮಿ, ಮತ್ತೆ ಊದುತ್ತಿದ್ದರು.

"ಏನ್ ಮಾಡ್ತಿದ್ದೀರಿ ಯಜಮಾನ್ರೇ?"

"ಹಾಳೆ ಬಿಡಿಸ್ತಿದ್ದೀನಿ ತಾಯಿ. ನಲವತ್ತು ವರ್ಷದ ಕಸುಬು."

"ಬೇರೆ ಮಾತ್ರೆ ಏನಾದ್ರೂ ತಗೋತೀರಾ?"

ಅವರು ಇಲ್ಲವೆಂದು ತಲೆ ಅಲ್ಲಾಡಿಸುವಷ್ಟರಲ್ಲಿ ಹೆಂಡತಿ ಬಾಯಿ ಹಾಕಿದರು. "ಸುಳ್ಳು ಹೇಳ್ಬೇಡ್ರೀ! ಮಂಡಿನೋವಿಗೆ ಅಂತ ಮೂರು ವರ್ಷದಿಂದ ಬಿಳಿ ಮಾತ್ರೆ ನುಂಗ್ತಾರಮ್ಮ. ಡಾಕ್ಟ್ರ ಚೀಟಿ ಗೀಟಿ ಏನಿಲ್ಲ."

ಹೊಸ ಪರೀಕ್ಷೆಯಲ್ಲಿ ಗುಟ್ಟು ಬಯಲಾಯಿತು. ಹಳೇ ಕ್ಷಯ ಶ್ವಾಸಕೋಶದಲ್ಲಿ ಬಿಟ್ಟುಹೋಗಿದ್ದ ಪೊಳ್ಳಿನೊಳಗೆ ಬೂಸ್ಟು ಬೆಳೆದಿತ್ತು. ಬಿಳಿ ಮಾತ್ರೆಯಲ್ಲಿದ್ದ ಸ್ಟೆರಾಯ್ಡು ಅದನ್ನು ತಡೆಯುವ ಶಕ್ತಿಯನ್ನೇ ಕುಗ್ಗಿಸಿತ್ತು.

"ಪುಸ್ತಕದ ಈ ಬೂಸ್ಟಿನ ಧೂಳು ಎಷ್ಟೋ ಜನಕ್ಕೆ ಏನೂ ಮಾಡಲ್ಲ," ಎಂದರು ಡಾಕ್ಟರಮ್ಮ. "ನಿಮಗೆ ಧೂಳು, ಹಳೇ ಪೊಳ್ಳು, ಮಾತ್ರೆ ಮೂರೂ ಒಟ್ಟಿಗೆ ಕೂಡಿಬಂತು. ಇದಕ್ಕೆ ಔಷಧಿ ಇದೆ, ಹೆದರಬೇಡಿ."

ತಿಂಗಳುಗಟ್ಟಲೆ ಔಷಧಿ ನಡೆಯಿತು. ಸ್ಟೆರಾಯ್ಡನ್ನು ಡಾಕ್ಟರಮ್ಮನೇ ಸ್ವಲ್ಪಸ್ವಲ್ಪವಾಗಿ ಬಿಡಿಸಿದರು. ರಕ್ತ ನಿಂತಿತು, ಅನ್ನ ರುಚಿಸಿತು. ಗೋಡೆ ಒಡೆಸಿ ಕಿಟಕಿ ಇಡಿಸಿದ ಮೇಲೆಯೇ ಹೆಂಡತಿ ಕೋಣೆಯ ಬೀಗ ತೆಗೆದದ್ದು. ಬೂಸ್ಟು ಹಿಡಿದ ಪುಸ್ತಕಕ್ಕೆ ಹೊಸ್ತಿಲು ದಾಟುವ ಅಪ್ಪಣೆಯಿರಲಿಲ್ಲ. ಮಾವ ಮೊದಲು ಕೈಗೆತ್ತಿಕೊಂಡದ್ದು ಡಾಕ್ಟರಮ್ಮನದೇ ಒಂದು ಪಠ್ಯಪುಸ್ತಕ, ಬೈಂಡಿನ ಬೆನ್ನು ಮುರಿದದ್ದು. ಆ ತಾಯಿಯ ಋಣ ಇದರಿಂದ ತೀರುವುದಿಲ್ಲವೆಂದು ಗೊತ್ತಿದ್ದರೂ ಒಂದೊಂದು ಹೊಲಿಗೆಯನ್ನೂ ಎರಡೆರಡು ಸಲ ಹಾಕಿದರು. ಮೂಗಿಗೆ ಮಾಸ್ಕು, ಕೈಯಲ್ಲಿ ಮೆತ್ತನೆಯ ಬ್ರಷ್ಷು. ಒಂದು ಹಾಳೆಯೂ ಹರಿಯಲಿಲ್ಲ.

ಹೆಂಡತಿ ಹೊಗೆಯಾಡುವ ಚಹಾ ತಂದಿಟ್ಟರು. ಮಾಸ್ಕು ಇಳಿಸಿ ಲೋಟ ತುಟಿಗೆ ತಂದವರು ಊದಲೆಂದು ತುಟಿ ಮುಂದೆ ಮಾಡಿ, ಬೆಚ್ಚಿ, ಅಲ್ಲೇ ತಡೆದರು.

"ಇದಕ್ಕೆ ಊದ್ಕೊಳ್ರೀ," ಎಂದು ಹೆಂಡತಿ ನಕ್ಕರು.

ಊದಿದರು. ಕೆಮ್ಮು ಬರಲಿಲ್ಲ. ಇನ್ನೊಮ್ಮೆ, ಬೇಕೆಂತಲೇ, ಎದೆ ತುಂಬ ಉಸಿರೆಳೆದು ಊದಿದರು. ನಗುತ್ತಿದ್ದ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡರು.