ಹುಳ ಸಾಕಿದ ಅತ್ತೆ

ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವಾಗ ನಮ್ಮತ್ತೆಯ ಎಡಗಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು, ಕೆಳತುಟಿ ಸ್ವಲ್ಪ ಮುಂದೆ ಬರುತ್ತಿತ್ತು. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಕಾಯಿಯೊಳಗೆ ಕೊಬ್ಬರಿ ಚಿಪ್ಪು ಬಿಟ್ಟು ಉಂಡೆಯಾಗಿ ಉರುಳುತ್ತಿದೆಯೋ ಇಲ್ಲವೋ ಎಂದು ಕೇಳುವ ಗಳಿಗೆ ಅದು. ಆಗ ಮನೆಯಲ್ಲಿ ಯಾರೂ ಉಸಿರೆತ್ತುವಂತಿರಲಿಲ್ಲ. ಮಾವನಿಗೆ ಫೋನ್ ಬಂದರೂ ಹೊರಗೆ ಹೋಗಿ ಮಾತಾಡಬೇಕು. ಮದುವೆಯಾಗಿ ಬಂದ ಹೊಸದರಲ್ಲಿ ಆ ಮುಖ ನೋಡಿ ನಗು ತಡೆಯಲಾಗದೆ ನಾನು ಅಡುಗೆಮನೆಗೆ ಓಡಿದ್ದೆ. "ನಗು, ನಗು. ಒಂದಿನ ಕೊಳೆತ ಕಾಯಿ ಒಡೆದು ನಿನ್ ಮುಖಕ್ಕೆ ಸಿಡೀಲಿ, ಆಗ ನಾನೂ ನಗ್ತೀನಿ" ಎಂದು ಕೂತಲ್ಲಿಂದಲೇ ಕೂಗಿದ್ದರು.

ನಮ್ಮದು ತುರುವೇಕೆರೆಯಿಂದ ಸ್ವಲ್ಪ ಒಳಗೆ, ಸಂಪಿಗೆ ಕಡೆ ಹೋಗುವಾಗ ಸಿಗುವ ಊರು. ಮುಂದೆ ಅಂಗಳ, ಮೇಲೆ ಕೊಬ್ಬರಿ ಅಟ್ಟ, ಹಿಂದೆ ತೋಟ. ಅತ್ತೆ ಬೆಳಗ್ಗೆ ಮಿಂದು, ವಿಭೂತಿ ಇಟ್ಟು, ಅಂಗೈಯಲ್ಲಿ ಲಿಂಗ ಹಿಡಿದು ಪೂಜೆಗೆ ಕೂತರೆಂದರೆ ಮನೆಗೆ ಬೆಂಕಿ ಬಿದ್ದರೂ ಏಳುವವರಲ್ಲ. ಸೋಮವಾರ ಒಪ್ಪತ್ತು, ಒಂದೇ ಹೊತ್ತು ಊಟ. ಜೀವ ತೆಗೆಯುವ ಮಾತಂತೂ ಅವರ ಹತ್ತಿರ ಇಲ್ಲವೇ ಇಲ್ಲ. ಸಕ್ಕರೆ ಡಬ್ಬಕ್ಕೆ ಇರುವೆ ಹತ್ತಿದರೆ ಡಬ್ಬವನ್ನು ಬಿಸಿಲಿಗಿಟ್ಟು, ಕೊನೆಯ ಇರುವೆ ಇಳಿದು ಹೋಗುವ ತನಕ ಕಾಯುತ್ತಿದ್ದರು. ಅಷ್ಟು ಹೊತ್ತೂ ನಮಗೆ ಕಾಫಿ ಇಲ್ಲ. ಜಿರಳೆಗೆ ಪೊರಕೆಯಿಂದ ಬಾಗಿಲ ತನಕ ದಾರಿ ತೋರಿಸಿ ಕಳಿಸಿಕೊಡುತ್ತಿದ್ದರು. ಇಂಥವರ ಮನೆಗೆ ನಾನು ಹುಳ ತಿನ್ನುವ ಪ್ರಾಣಿಯನ್ನು ತಂದೆ.

ಅದು ನನ್ನ ತಮ್ಮನದು. ತುಮಕೂರಿನ ನಮ್ಮ ತವರುಮನೆಯಲ್ಲಿ ಅವನು ಒಂದು ಬಿಯರ್ಡೆಡ್ ಡ್ರ್ಯಾಗನ್ ಸಾಕಿದ್ದ. ಆಸ್ಟ್ರೇಲಿಯಾದ ಕಡೆಯ ಓತಿ. ಮೊಣಕೈಯಿಂದ ಬೆರಳ ತುದಿಯಷ್ಟು ಉದ್ದ, ಮರಳಿನ ಬಣ್ಣ, ಗದ್ದದ ಕೆಳಗೆ ಮುಳ್ಳುಮುಳ್ಳಾಗಿ ಗಡ್ಡ. ನನ್ನ ಮದುವೆಯಾದ ಮರುವರ್ಷ ತಮ್ಮ ಬೈಕ್ ಅಪಘಾತದಲ್ಲಿ ತೀರಿಕೊಂಡ. ಅಮ್ಮನಿಗೆ ಆ ಗಾಜಿನ ಪೆಟ್ಟಿಗೆಯ ಕಡೆ ನೋಡಲೂ ಆಗುತ್ತಿರಲಿಲ್ಲ. ಯಾರಿಗಾದರೂ ಕೊಟ್ಟುಬಿಡು ಎಂದಳು. ಕೊಡಲು ನನಗೆ ಮನಸ್ಸು ಬರಲಿಲ್ಲ. ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸು ಹತ್ತಿದೆ. ಅತ್ತೆ ಏನಂದಾರು ಎಂಬ ಹೆದರಿಕೆಯಲ್ಲಿ ದಾರಿಯುದ್ದಕ್ಕೂ ಒಂದಿಪ್ಪತ್ತು ಸುಳ್ಳು ಯೋಚಿಸಿ, ಒಂದೂ ಸರಿಹೋಗದೆ, ಕೊನೆಗೆ ನಿಜವನ್ನೇ ಹೇಳಿದೆ.

ಅತ್ತೆ ಸೊಂಟದ ಮೇಲೆ ಕೈಯಿಟ್ಟುಕೊಂಡು ಪೆಟ್ಟಿಗೆಯೊಳಗೆ ಬಗ್ಗಿ ನೋಡಿದರು. "ಓತಿಕ್ಯಾತ ಅಲ್ವೇನೇ ಇದು?" ಎಂದರು. ಈ ಜಾತಿಯ ಓತಿಗೆ ಒಂದು ಅಭ್ಯಾಸವಿದೆ. ತನಗಿಂತ ದೊಡ್ಡದು ಎದುರಾದರೆ ಮುಂಗಾಲೊಂದನ್ನು ಎತ್ತಿ ನಿಧಾನವಾಗಿ ಆಡಿಸುತ್ತದೆ. ಅತ್ತೆಯನ್ನು ಕಂಡದ್ದೇ ಇದೂ ಕಾಲೆತ್ತಿ ಆಡಿಸಿತು.

"ನೋಡು, ಬಂದ ತಕ್ಷಣ ಕೈ ಎತ್ತಿ ಶರಣು ಅಂತದೆ. ನೀನು ಬಂದಾಗ ಇಷ್ಟೂ ಮಾಡ್ಲಿಲ್ಲ" ಎಂದರು. ಆಮೇಲೆ, "ಏನ್ ತಿಂತದೆ?"

"ನುಗ್ಗೆಸೊಪ್ಪು, ದಾಸವಾಳದ ಹೂವು, ಕುಂಬಳಕಾಯಿ ಎಲ್ಲಾ ತಿನ್ನುತ್ತೆ ಅತ್ತೆ." ಅಷ್ಟಕ್ಕೇ ನಿಲ್ಲಿಸಬಹುದಿತ್ತು. "ಹುಳಾನೂ ಬೇಕು. ಜೀವಂತ ಇರೋದು."

ಅತ್ತೆ ಒಳಗೆ ಹೋದರು. ಸಂಜೆಯ ಹೊತ್ತಿಗೆ ಹೊರಬಂದು ತೀರ್ಪು ಕೊಟ್ಟರು. ಹುಳದ ಡಬ್ಬ ಅಡುಗೆಮನೆಗೆ ಬರಕೂಡದು. ತಾವು ಅದನ್ನು ಮುಟ್ಟುವುದಿಲ್ಲ. ಸೋಮವಾರ ಮಾತ್ರ ಈ ಮನೆಯಲ್ಲಿ ಒಂದು ಹುಳವೂ ಸಾಯಬಾರದು. ಅವತ್ತು ಓತಿಗೂ ಒಪ್ಪತ್ತು, ಬರೀ ಸೊಪ್ಪು. ಮಾವ ಪಕ್ಕದಿಂದ, "ಅಟ್ಟಕ್ಕೆ ಒಂದೇ ಒಂದು ಹುಳ ಹತ್ತಲಿ, ವರ್ಷದ ಕೊಬ್ಬರಿ ಹಾಳಾಗ್ಲಿ, ಆಮೇಲೈತೆ ಇಬ್ಬರಿಗೂ" ಎಂದು ಗೊಣಗಿದರು. ನಾನು ಎಲ್ಲಕ್ಕೂ ಹೂಂ ಎಂದೆ.

ನನಗೆ ತಿಪಟೂರಿನ ಒಂದು ಕನ್ನಡಕದ ಅಂಗಡಿಯಲ್ಲಿ ಕೆಲಸ. ಬೆಳಗ್ಗೆ ಬಸ್ಸು ಹಿಡಿದರೆ ಸಂಜೆಗೇ ಮನೆ. ಬೆಂಗಳೂರಿನಿಂದ ಪಾರ್ಸೆಲ್‌ನಲ್ಲಿ ತರಿಸಿದ ಹುಳಗಳನ್ನು, ಹಿಟ್ಟು ಬೂಸಾ ತಿಂದು ಬೆಳೆಯುವ ಹಳದಿ ಹುಳಗಳು ಅವು, ಒಂದು ಪ್ಲಾಸ್ಟಿಕ್ ಟ್ರೇಗೆ ಸುರಿದು ಹಿತ್ತಲ ಕೋಣೆಯಲ್ಲಿಟ್ಟಿದ್ದೆ. ಒಂದು ಸಂಜೆ ಬಂದು ನೋಡಿದರೆ ಟ್ರೇ ಇಟ್ಟ ಸ್ಟೂಲಿನ ನಾಲ್ಕು ಕಾಲಿನ ಕೆಳಗೂ ನೀರು ತುಂಬಿದ ತೆಂಗಿನ ಚಿಪ್ಪು. ಮಧ್ಯಾಹ್ನ ಇರುವೆಗಳು ಸಾಲುಗಟ್ಟಿ ಬಂದು ಹುಳಗಳನ್ನು ಎಳೆದೊಯ್ಯುತ್ತಿದ್ದವಂತೆ. ಅತ್ತೆಗೆ ನೋಡಿ ಸುಮ್ಮನಿರಲಾಗಲಿಲ್ಲ.

"ಸಾಯೋದೇ ಆದ್ರೆ ಆ ಓತಿ ಹೊಟ್ಟೆಗಾದ್ರೂ ಹೋಗ್ಲಿ. ಇರುವೆಗೆ ಹಾಕಕ್ಕೆ ಬಸ್ ಚಾರ್ಜ್ ಕೊಟ್ಟು ತರುಸ್ಬೇಕಾ?" ಎಂದರು.

ಆ ಚಿಪ್ಪಿನಿಂದ ಶುರುವಾಯಿತು ನೋಡಿ. ಮಾರನೆಯ ವಾರ ಟ್ರೇಯಲ್ಲಿ ಕ್ಯಾರೆಟ್ ಚೂರು ಕಂಡಿತು. ಹುಳಕ್ಕೆ ಬಾಯಾರುವುದಿಲ್ಲವೇ ಎಂದು ನನಗೇ ಪ್ರಶ್ನೆ. ಹುಳಗಳು ಕೋಶವಾಗಿ, ಕೋಶದಿಂದ ಕಪ್ಪು ದುಂಬಿಗಳು ಹೊರಬಂದಾಗ, "ಇವು ಬಸುರಿ, ಬಾಣಂತಿ ಎಲ್ಲಾ ಆಗ್ತವೆ ಕಣೇ. ಬೇರೆ ಮನೆ ಮಾಡಿಕೊಡ್ಬೇಕು" ಎಂದು ಇನ್ನೊಂದು ಟ್ರೇ ತಂದರು. ಹುಳದ ಪೊರೆ, ಹಿಕ್ಕೆ, ಬೂಸಾ ಎಲ್ಲ ಕಲೆಸಿಹೋದದ್ದನ್ನು ಬೇರ್ಪಡಿಸಲು ನಾನು ಫೋನಿನಲ್ಲಿ ವಿಡಿಯೋ ನೋಡುತ್ತಾ ಕೂತಿದ್ದರೆ, ಅವರು ಹಳೆಯ ಮೊರ ಒಂದನ್ನು ಎಳೆದುಕೊಂಡು ರಾಗಿ ಕೇರಿದ ಹಾಗೆ ಕೇರಿಬಿಟ್ಟರು. ಪೊರೆಯೆಲ್ಲ ಗಾಳಿಗೆ ಹಾರಿತು, ಹುಳ ಮೊರದ ಹಿಂಬದಿಗೆ ಬಂದು ಕೂತವು. ಹಿಕ್ಕೆಯನ್ನು ಜರಡಿ ಹಿಡಿದು ದಾಸವಾಳದ ಬುಡಕ್ಕೆ ಹಾಕಿದರು. ಮುಟ್ಟುವುದಿಲ್ಲ ಎಂದವರು ಬೆರಳಲ್ಲೇ ದುಂಬಿ ಆರಿಸುತ್ತಿದ್ದರು. ನಾನು ನೆನಪಿಸಿದರೆ ಸಿಟ್ಟು. "ನಾನು ಸಾಕ್ತೀನಿ, ತಿನ್ಸೋಳು ನೀನು. ಪಾಪ ನಿಂದು. ಲೆಕ್ಕ ಸರೀಗೈತೆ ಬುಡು."

ಮೊರ ಕೇರುವುದನ್ನು ಕಂಡ ಪಕ್ಕದ ಮನೆಯಾಕೆ ಬೇಲಿಯಾಚೆಯಿಂದ, "ಏನಕ್ಕಾ, ರೇಷ್ಮೆ ಹುಳಾನಾ?" ಎಂದು ಕೇಳಿದಳು. "ಹೂಂ ಕಣವ್ವ, ಸೊಸೆಗೊಂದು ಸೀರೆ ನೇಯಿಸ್ಬೇಕು" ಎಂದು ಅತ್ತೆ ಒಂಚೂರೂ ನಗದೆ ಹೇಳಿದರು. ಆಕೆ ಎಷ್ಟೋ ದಿನ ಸೀರೆ ಎಲ್ಲಿಗೆ ಬಂತು ಎಂದು ವಿಚಾರಿಸುತ್ತಿದ್ದಳು.

ಎಲ್ಲ ಚೆನ್ನಾಗಿ ನಡೆಯುವಾಗ ಅತ್ತೆಗೆ ಹುಳಗಳು ಬಡಕಲಾಗಿವೆ ಅನ್ನಿಸಿತು. ಎಮ್ಮೆ ಸೊರಗಿದರೆ ನಮ್ಮ ಕಡೆ ಮಾಡುವುದು ಒಂದೇ, ಕೊಬ್ಬರಿ ಹಿಂಡಿ ನೆನೆಸಿ ಇಡುವುದು. ಅತ್ತೆ ಹುಳಗಳಿಗೂ ಅದನ್ನೇ ಮಾಡಿದರು. ಗಾಣದಿಂದ ತಂದ ಹಿಂಡಿಯನ್ನು ಪುಡಿ ಮಾಡಿ, ಚೂರು ನೀರು ಚಿಮುಕಿಸಿ, ಟ್ರೇ ತುಂಬ ಹರಡಿದರು. ಮೊದಲೆರಡು ದಿನ ಹುಳಗಳು ಹಬ್ಬದಂತೆ ಮುಕ್ಕಿದವು. ಆಮೇಲೆ ಹಿಂಡಿಗೆ ಬೂಷ್ಟು ಹಿಡಿಯಿತು, ಕೋಣೆಯೆಲ್ಲ ಕಮಟು ವಾಸನೆ. ನಾನು ನೋಡುವ ಹೊತ್ತಿಗೆ ಹುಳಗಳು ಕಪ್ಪಾಗಿ ಸತ್ತು ಬಿದ್ದಿದ್ದವು. ಅತ್ತೆ ಮೊರ ಹಿಡಿದು ಅಲ್ಲೇ ನಿಂತುಬಿಟ್ಟರು. "ಎಮ್ಮೆಗೆ ಆಗೋದು ಇವಕ್ಕೂ ಆಗ್ತದೆ ಅಂದ್ಕಂಡೆ ಕಣೇ" ಎಂದಷ್ಟೇ ಹೇಳಿದರು. ಬದುಕಿ ಉಳಿದ ಬೆರಳೆಣಿಕೆಯ ದುಂಬಿಗಳನ್ನು ಒಣ ಬೂಸಾಕ್ಕೆ ಹಾಕಿ ಮತ್ತೆ ಮೊದಲಿನಿಂದ ಹಿಡಿದರು. ಅವತ್ತು ರಾತ್ರಿ ಅವರು ಸರಿಯಾಗಿ ಉಣ್ಣಲಿಲ್ಲ.

ಆ ದುಂಬಿಗಳ ಮರಿಗಳು ಇನ್ನೂ ದಾರದ ಎಳೆಯಷ್ಟಿದ್ದಾಗ ಚಳಿಗಾಲ ಬಂತು. ನಮ್ಮ ಕಡೆ ಮಾಗಿಯ ಬೆಳಗು ಕೊರೆಯುತ್ತದೆ. ಓತಿಗೆ ಬೆಚ್ಚಗಿರಲೆಂದು ಹಾಕಿದ್ದ ಬಲ್ಬು ಕರೆಂಟು ಹೋದಾಗಲೆಲ್ಲ ಆರುತ್ತಿತ್ತು. ಓತಿ ಮೊದಲು ಸೊಪ್ಪು ತಿನ್ನುವುದನ್ನು ಬಿಟ್ಟಿತು. ಆಮೇಲೆ ಕಣ್ಣು ತೆರೆಯುವುದನ್ನೂ ಕಡಿಮೆ ಮಾಡಿತು. ಬಾಲದ ಬುಡ ಒಣಗಿ ಮೂಳೆ ಕಾಣತೊಡಗಿತು. ನಾನೂ ನನ್ನ ಗಂಡನೂ ತುಮಕೂರಿನ ಪಶುವೈದ್ಯರೊಬ್ಬರಿಗೆ ತೋರಿಸಿಕೊಂಡು ಬಂದೆವು. ಚಳಿಗೆ ಮಂಕಾಗಿದೆ, ಬಿಸಿಲಿಗಿಡಿ, ತಾನಾಗಿ ಬಾಯಿ ಹಾಕಿ ಏನಾದರೂ ತಿಂದರೆ ಉಳಿಯುತ್ತದೆ ಎಂದರು. ತಿನ್ನದಿದ್ದರೆ ಎಂದು ನಾನು ಕೇಳಲಿಲ್ಲ.

ನನಗೆ ತುಂಬಾ ಭಯವಾಗಿತ್ತು. ನನ್ನ ತಮ್ಮ ದಿನಾ ಎತ್ತಿಕೊಂಡು ಆಡಿಸಿದ ಜೀವ ಅದೊಂದೇ ಉಳಿದಿದ್ದದ್ದು. ಅದೂ ಹೋದರೆ ಅವನು ಇನ್ನೊಮ್ಮೆ ಹೋದ ಹಾಗೆ. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಅವನ ಸಾವಿನ ನಂತರ ಗಂಡನ ಮನೆಯಲ್ಲಿ ಯಾರೂ ಅವನ ಮಾತೆತ್ತುತ್ತಿರಲಿಲ್ಲ. ನನಗೆ ನೋವಾಗಬಾರದೆಂಬ ಒಳ್ಳೆಯ ಮನಸ್ಸಿನಿಂದಲೇ ಸುಮ್ಮನಿದ್ದರು, ಆದರೆ ಆ ಮೌನ ನನಗೆ ಕಷ್ಟವಾಗುತ್ತಿತ್ತು.

ಅಂಗಡಿಗೆ ರಜೆ ಹಾಕಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಅಂಗಳದ ಬಿಸಿಲಿನಲ್ಲಿ ಕೂತೆ. ಬಿಸಿಲೇರಿದ ಮೇಲೆ ಅದು ಮೆಲ್ಲಗೆ ಒಂದು ಕಣ್ಣು ಬಿಟ್ಟಿತು. ದಾಸವಾಳದ ಎಸಳು ಹಿಡಿದೆ, ಮುಖ ತಿರುಗಿಸಿತು. ಅಷ್ಟರಲ್ಲಿ ನೆಲದ ಮೇಲೆ ಒಂದು ಗೊದ್ದದ ಇರುವೆ ಹರಿದುಹೋಯಿತು. ಓತಿ ಕತ್ತು ಹೊರಳಿಸಿ ಅದು ಹೋದ ದಾರಿಯನ್ನೇ ನೋಡಿತು. ಅದರ ಮನಸ್ಸು ಏನು ಕೇಳುತ್ತಿದೆಯೆಂದು ನನಗೆ ಗೊತ್ತಾಯಿತು. ಆದರೆ ಅವತ್ತು ಸೋಮವಾರ. ಅತ್ತೆ ಎಲ್ಲಕ್ಕಿಂತ ಬಿಗಿಯಾಗಿ ಹಾಕಿದ ಕಟ್ಟು ಅದು, ಅದನ್ನು ಮುರಿಯಲು ನನಗೆ ಧೈರ್ಯ ಬರಲಿಲ್ಲ. ಸುಮ್ಮನೆ ಕೂತು ಅಳತೊಡಗಿದೆ.

ಅತ್ತೆ ಆಗಷ್ಟೇ ಪೂಜೆ ಮುಗಿಸಿ ಬಾಗಿಲಿಗೆ ಬಂದಿದ್ದರು. ಗೊದ್ದವನ್ನೂ ಓತಿಯನ್ನೂ ನನ್ನನ್ನೂ ನೋಡಿದರು. ತಿರುಗಿ ಒಳಗೆ ಹೋದರು. ಬಂದಾಗ ಹಣೆಯ ವಿಭೂತಿ ಇನ್ನೂ ಹಸಿ, ಕೂದಲಿನಿಂದ ನೀರು ತೊಟ್ಟಿಕ್ಕುತ್ತಿತ್ತು, ಲಿಂಗ ಹಿಡಿದ ಅಂಗೈಯಲ್ಲಿ ನಾಲ್ಕಾರು ಎಳೆಯ ಹುಳ.

"ಅತ್ತೆ, ಇವತ್ತು ಸೋಮವಾರ" ಎಂದೆ.

"ಗೊತ್ತು ಕಣೇ. ನಂಗೇನ್ ಮರೆವಾ?" ನನ್ನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಅಂಗೈಯನ್ನು ಓತಿಯ ಮೂತಿಗೆ ಹಿಡಿದರು. "ತಿನ್ನಪ್ಪಾ. ಎಳೇವು ಅವೆ, ಮೆತ್ತಗವೆ. ತಿನ್ನು ಮಗಾ."

ಓತಿ ನೋಡಿತು. ತುಂಬಾ ಹೊತ್ತು ನೋಡಿತು. ಆಮೇಲೆ ನಾಲಿಗೆ ಚಾಚಿ ಒಂದನ್ನು ಎಳೆದುಕೊಂಡು ಅಗಿಯಿತು. ಅತ್ತೆ ಕೈ ಹಿಂದಕ್ಕೆ ತೆಗೆಯಲಿಲ್ಲ. ಇನ್ನೊಂದು ತಿಂದಿತು. ಕೊನೆಗೆ ಅಂಗೈ ಖಾಲಿಯಾಯಿತು. ನಾನು ಜೋರಾಗಿ ಅತ್ತುಬಿಟ್ಟೆ, ಈ ಸಲ ಸಂತೋಷಕ್ಕೆ.

"ನನ್ನಿಂದ ನಿಮ್ಮ ವ್ರತ ಕೆಟ್ಟಿತು" ಎಂದೆ.

"ನಿನ್ನಿಂದ ಯಾಕೆ? ಕೈ ನಂದು." ಬಚ್ಚಲಿಗೆ ಹೋಗಿ ಕೈ ತೊಳೆದು, ಸೆರಗಿಗೆ ಒರೆಸಿಕೊಳ್ಳುತ್ತಾ ಬಂದರು. "ಶಿವನ ಕೊರಳಾಗಿರೋದೇನು ಸೊಪ್ಪು ತಿನ್ಕಂಡು ಬದುಕಿರ್ತದಾ? ಅವನಿಗೆ ಗೊತ್ತಾಗದೆ ಇರೋದು ಏನೈತೆ ಇದ್ರಾಗೆ. ನಾನು ಹೇಳ್ಕಂತೀನಿ ಬುಡು."

ಮತ್ತೆ ನನ್ನ ಪಕ್ಕದಲ್ಲೇ ಕೂತರು. ಓತಿಯ ಬೆನ್ನನ್ನು ಒಂದೇ ಬೆರಳಿನಿಂದ ಸವರುತ್ತಾ ಕೇಳಿದರು: "ನಿನ್ ತಮ್ಮ ಇದನ್ನ ಏನಂತ ಕರೀತಿದ್ದ?"

ಆ ಮನೆಗೆ ಬಂದಾಗಿನಿಂದ ನಾವೆಲ್ಲ ಅದನ್ನು 'ಅದು' ಎಂದೇ ಕರೆಯುತ್ತಿದ್ದೆವು. "ಸಾಹುಕಾರ" ಎಂದೆ. ಅವನು ಹೋದ ಮೇಲೆ ಆ ಹೆಸರು ನನ್ನ ಬಾಯಿಂದ ಬಂದದ್ದು ಅವತ್ತೇ.

"ಸಾವ್ಕಾರ! ಸರೀಗಿಟ್ಟವ್ನೆ. ಕೂತ ಜಾಗಕ್ಕೇ ಎಲ್ಲಾ ಬರ್ಬೇಕು ಇವನಿಗೆ." ಅತ್ತೆ ಬಾಯ್ತುಂಬ ನಕ್ಕರು. ನನಗೂ ನಗು ಬಂತು. "ತುಂಟನಾ ನಿನ್ ತಮ್ಮ? ಏನ್ ಓದಿದ್ದ? ಹೇಳು, ನಾನು ಮದುವೇಲಿ ನೋಡಿದ್ದಷ್ಟೇ" ಎಂದರು.

ಹೇಳಿದೆ. ಅವನು ಪರೀಕ್ಷೆಯ ದಿನ ಹುಳದ ಡಬ್ಬ ಬ್ಯಾಗಿನಲ್ಲಿಟ್ಟುಕೊಂಡು ಹೋದದ್ದು, ನನ್ನ ಮದುವೆಯಲ್ಲಿ ಊಟಕ್ಕೆ ಬಡಿಸುತ್ತಾ ಪಂಚೆ ಕಳಚಿಕೊಂಡದ್ದು, ಅಪ್ಪ ಬೈದರೆ ಓತಿಯ ಮುಂದೆ ಕೂತು ಅಪ್ಪನ ಮೇಲೆ ದೂರು ಹೇಳುತ್ತಿದ್ದದ್ದು. ಅತ್ತೆ ನಡುನಡುವೆ ಪ್ರಶ್ನೆ ಕೇಳುತ್ತಾ, ನಗುತ್ತಾ ಕೂತಿದ್ದರು. ಅವರು ಅವತ್ತು ಉಣ್ಣುವುದೇ ಒಂದು ಹೊತ್ತು. ಆ ಹೊತ್ತು ಮೀರಿ ಹೋಯಿತು. ಮಾವ ಒಳಗಿನಿಂದ ಎರಡು ಸಲ ಕರೆದರು, ಅತ್ತೆ ಏಳಲಿಲ್ಲ.

ಸಾಹುಕಾರ ಉಳಿದ. ಬಿಸಿಲು ಬಲಿತ ಹಾಗೆ ಬಾಲ ಮತ್ತೆ ತುಂಬಿಕೊಂಡಿತು. ಅತ್ತೆ ಮುಂದಿನ ಸೋಮವಾರದಿಂದಲೇ ಮತ್ತೆ ಅವನಿಗೆ ಒಪ್ಪತ್ತು ಶುರು ಮಾಡಿಸಿದರು. ಗುಣವಾದ ಮೇಲೆ ಎಂಥ ರಿಯಾಯಿತಿ ಎಂದರು. ನನ್ನ ತಮ್ಮನ ಮಾತು ಮಾತ್ರ ಆ ಮನೆಯಲ್ಲಿ ನಿಲ್ಲಲಿಲ್ಲ. ಕಾಯಿ ಸುಲಿಸುವಾಗ, ರೊಟ್ಟಿ ತಟ್ಟುವಾಗ, ಇದ್ದಕ್ಕಿದ್ದಂತೆ "ನಿನ್ ತಮ್ಮ ಇದ್ದಿದ್ರೆ ಇದಕ್ಕೇನಂತಿದ್ದ?" ಎಂದು ಕೇಳುತ್ತಿದ್ದರು. ಮನೆಯ ಹುಡುಗನ ವಿಷಯ ವಿಚಾರಿಸುವ ಹಾಗೆ.

ಅತ್ತೆ ಹೋದ ವರ್ಷ ಹೋದರು. ನೋವು ನರಳಾಟ ಏನೂ ಇಲ್ಲದೆ, ಒಂದು ಬೆಳಗ್ಗೆ ಏಳಲಿಲ್ಲ, ಅಷ್ಟೆ. ಸತ್ತವರನ್ನು ನೆನೆದು ನಗಬಹುದು, ಅದು ತಪ್ಪಲ್ಲ ಎಂದು ನನಗೆ ಕಲಿಸಿದವರು ಅವರು. ಆ ಋಣ ತೀರಿಸುವ ದಾರಿ ನನಗೆ ಗೊತ್ತಿಲ್ಲ. ತಮ್ಮನ ವಿಷಯದಲ್ಲಿ ಪಾಠ ಪೂರ್ತಿ ಬಂದಿದೆ. ಅತ್ತೆಯ ವಿಷಯದಲ್ಲಿ ಇನ್ನೂ ಅರ್ಧ ನಗು, ಅರ್ಧ ಅಳು. ಮೊನ್ನೆ ನನ್ನ ಗಂಡ ಸಾಹುಕಾರನ ಮುಂದೆ ಹೋಗಿ ನಿಂತಾಗ, "ನಿಮ್ಮಮ್ಮ ಇದ್ದಿದ್ರೆ ಇವನಿಗೆ ಇವತ್ತು ಏನಂತಿದ್ರು?" ಎಂದು ಕೇಳಿದೆ. ತಾಯಿ ಹೋದ ಮೇಲೆ ಅವರ ಮಾತನ್ನೇ ಎತ್ತದಿದ್ದ ಮನುಷ್ಯ ಅಲ್ಲೇ ನನ್ನ ಪಕ್ಕದಲ್ಲಿ ಕೂತು ಹೇಳಲು ಶುರು ಮಾಡಿದರು.